ಆರು ತಿಂಗಳು ಸುಮ್ನೆ ನಿಂತ ಪೆಟ್ರೋಲ್ ಪಂಪ್‌ಸೆಟ್ ಸ್ಟಾರ್ಟ್ ಆಗುತ್ತಿಲ್ಲ, ಮಳೆಗೆ ಮುಂಚೆ ಏನು ಮಾಡಲಿ?

ಎಚ್‌ಎಸ್‌ಆರ್ ಖಜಾಂಚಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಎಚ್‌ಎಸ್‌ಆರ್ ಲೇಔಟಿನಲ್ಲಿ 24 ಮನೆಗಳ ಅಪಾರ್ಟ್‌ಮೆಂಟ್ ನಮ್ಮದು. ಸಂಘದ ಲೆಕ್ಕ ನೋಡಿಕೊಳ್ಳುವವಳು ನಾನು. ಎಂಜಿನ್ ವಿಷಯ ನನಗೆ ಹೊಸದು, ಆದರೆ ಈ ಕೆಲಸ ನನ್ನ ಮೇಲೆ ಬಂದಿದೆ. ಚೆನ್ನಾಗಿ ಮಾಡಬೇಕು ಅಂತ ಆಸೆ.

2022ರ ಸೆಪ್ಟೆಂಬರ್ ಮಳೆ ನೆನಪಿದೆಯಲ್ವಾ? ಒಂದೇ ದಿನದಲ್ಲಿ 131.6 ಮಿ.ಮೀ. ಸುರಿಯಿತು. ಅವತ್ತು ನಮ್ಮ ಬೇಸ್‌ಮೆಂಟಿನಲ್ಲಿ ಸೊಂಟದ ತನಕ ನೀರು. ಸಂಪಿನಲ್ಲಿ ಒಂದು ಕರೆಂಟ್ ಮೋಟಾರ್ ಇತ್ತು. ಆದರೆ ಮಳೆ ಜೋರಾದ ತಕ್ಷಣ ಕರೆಂಟ್ ಹೋಯಿತು, ಆಮೇಲೆ ನೀರು ಪ್ಯಾನೆಲ್ ಬೋರ್ಡಿಗೂ ಮುಟ್ಟಿತು. ಬಾಡಿಗೆಗೆ ಪಂಪ್ ಹುಡುಕಿದರೆ ಊರಲ್ಲೆಲ್ಲ ಅದೇ ಕಥೆ. ಮೂರು ದಿನ ಕಾದೆವು. ಅದಾದ ಮೇಲೆ ಎಲ್ಲರೂ ದುಡ್ಡು ಹಾಕಿ 3 ಇಂಚಿನ ಪೆಟ್ರೋಲ್ ಪಂಪ್‌ಸೆಟ್ ತಂದೆವು. ಹಗ್ಗ ಎಳೆದು ಸ್ಟಾರ್ಟ್ ಮಾಡುವಂಥದ್ದು.

ಹೋದ ಅಕ್ಟೋಬರ್‌ನಲ್ಲಿ ಕೊನೆಯ ಸಲ ಓಡಿಸಿದ್ದು. ಪೆಟ್ರೋಲ್ ಟ್ಯಾಂಕಿನಲ್ಲೇ ಬಿಟ್ಟು ಟಾರ್ಪಾಲ್ ಹೊದಿಸಿ, ಜನರೇಟರ್ ಶೆಡ್ಡಿನ ಹಿಂದೆ ಇಟ್ಟಿದ್ದೆವು. ಜಾಗ ಸಾಲದೆ ಸ್ವಲ್ಪ ವಾಲಿಸಿಯೇ ಇಟ್ಟಿದ್ದರು. ಮೊನ್ನೆ ಭಾನುವಾರ ತೆಗೆದು ನಾನು, ವಾಚ್‌ಮನ್ ಇಬ್ಬರೂ ಸೇರಿ ನಲವತ್ತು ಸಲವಾದರೂ ಎಳೆದಿದ್ದೇವೆ. ಚೋಕ್ ಹಾಕಿದಾಗ ಎರಡು ಸಲ ಹತ್ತಿಕೊಂಡು ನಾಲ್ಕೈದು ಸೆಕೆಂಡ್ ಓಡಿ ನಿಂತಿತು. ಆಮೇಲೆ ಅದೂ ಇಲ್ಲ. ಮುಚ್ಚಳ ತೆಗೆದರೆ ಪೆಟ್ರೋಲ್ ವಾಸನೆಯೇ ಬೇರೆ. ಹಳೇ ಪೇಂಟ್ ಡಬ್ಬ ತೆಗೆದ ಹಾಗೆ ಮೂಗಿಗೆ ಹೊಡೆಯುತ್ತದೆ.

ಒಬ್ಬ ಮೆಕ್ಯಾನಿಕ್ ಬಂದು ನೋಡಿದರು. ಒಂದು ಸ್ಕ್ರೂ ಕೂಡ ಬಿಚ್ಚದೆ, ಕಾರ್ಬುರೇಟರ್ ಹೋಗಿದೆ, ಹೊಸದೇ ಹಾಕಬೇಕು ಎಂದರು. ಹೌದಾ? ಸಂಘದ ದುಡ್ಡು ಅಂದರೆ ನಾನು ಎಲ್ಲರಿಗೂ ಲೆಕ್ಕ ಕೊಡಬೇಕು. ಗೊತ್ತಿರುವವರು ದಯವಿಟ್ಟು ಹೇಳಿ.

ವಿಜಯನಗರದಿಂದ

ಮೇಡಂ, ಸಣ್ಣ ವಿಷಯಗಳನ್ನು ಮೊದಲು ನೋಡಿಬಿಡಿ. ಎಂಜಿನ್ ಸ್ವಿಚ್ ಆನ್ ಇದೆಯಾ? ಪೆಟ್ರೋಲ್ ಕಾಕ್ ತೆರೆದಿದೆಯಾ? ಆಯಿಲ್ ಎಷ್ಟಿದೆ? ಈ ಎಂಜಿನ್‌ಗಳಲ್ಲಿ ಆಯಿಲ್ ಕಮ್ಮಿ ಇದ್ದರೆ ಸ್ಪಾರ್ಕನ್ನೇ ಕಟ್ ಮಾಡುವ ಒಂದು ಸೆನ್ಸರ್ ಇರುತ್ತದೆ. ಎಷ್ಟು ಎಳೆದರೂ ಹತ್ತುವುದಿಲ್ಲ. ಮಷೀನನ್ನು ಸಮತಟ್ಟಾದ ಜಾಗದಲ್ಲಿಟ್ಟು ನೋಡಬೇಕು, ವಾಲಿದ್ದರೆ ತಪ್ಪು ತೋರಿಸುತ್ತದೆ.

ಇನ್ನೊಂದು ಮಾತು. ಕರೆಂಟ್ ಮೋಟಾರ್ ದೊಡ್ಡದು ಹಾಕಿಸಿದರೆ ಈ ತಲೆನೋವೇ ಇರುವುದಿಲ್ಲ ಅಲ್ವಾ?

ಎಚ್‌ಎಸ್‌ಆರ್ ಖಜಾಂಚಿ

ಸರ್, ಸ್ವಿಚ್, ಕಾಕ್ ಎರಡೂ ಸರಿ ಇವೆ. ಆಯಿಲ್ ಕಡ್ಡಿ ತೆಗೆದು ನೋಡಿದೆ, ಮೇಲಿನ ಗೆರೆಯ ತನಕ ಇದೆ.

ಕರೆಂಟ್ ಮೋಟಾರ್ ಮಾತು ಬೇಡ ಸರ್. 2025ರ ಮೇ ತಿಂಗಳಲ್ಲಿ ಬಿಟಿಎಂ ಲೇಔಟಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಬೇಸ್‌ಮೆಂಟ್ ನೀರು ಹೊರಹಾಕಲು ಹೋಗಿ ಶಾಕ್ ಹೊಡೆದು ಇಬ್ಬರು ತೀರಿಕೊಂಡರು. ಅದರಲ್ಲಿ ಒಬ್ಬ 12 ವರ್ಷದ ಹುಡುಗ. ನಮ್ಮಿಂದ ಎಷ್ಟು ದೂರ ಹೇಳಿ. ನಿಂತ ನೀರಲ್ಲಿ ವೈರ್ ಎಳೆದುಕೊಂಡು ಯಾರೂ ಇಳಿಯಬಾರದು ಅಂತ ನಮ್ಮ ಮೀಟಿಂಗಿನಲ್ಲಿ ಅವತ್ತೇ ಬರೆದಿಟ್ಟಿದ್ದೇವೆ. ಅದಕ್ಕೇ ಈ ಪೆಟ್ರೋಲ್ ಪಂಪ್‌ಸೆಟ್ ಓಡಲೇಬೇಕು.

ಯಲಹಂಕ ವರ್ಕ್‌ಶಾಪ್

ಅಕ್ಕ, ನಾನು ಪವರ್ ಸ್ಪ್ರೇಯರ್, ಕಳೆ ಕತ್ತರಿಸುವ ಮಷೀನ್, ಪಂಪ್‌ಸೆಟ್ ರಿಪೇರಿ ಮಾಡುತ್ತೇನೆ. ಮೇ ತಿಂಗಳು ಬಂದರೆ ನನ್ನ ಹತ್ತಿರ ಬರುವ ಹತ್ತು ಮಷೀನಿನಲ್ಲಿ ಏಳೆಂಟು ನಿಮ್ಮ ಕೇಸೇ. ಕೆಟ್ಟಿದ್ದರಿಂದ ಬಂದವಲ್ಲ, ನಿಂತಿದ್ದರಿಂದ ಬಂದವು.

ನೀವೇ ಉತ್ತರ ಬರೆದುಬಿಟ್ಟಿದ್ದೀರಿ. ಚೋಕ್ ಹಾಕಿದಾಗ ನಾಲ್ಕೈದು ಸೆಕೆಂಡ್ ಓಡಿತು ಅಂದರೆ ಸ್ಪಾರ್ಕ್ ಇದೆ, ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಕೂಡ ಇದೆ. ಪೆಟ್ರೋಲ್ ಮಾತ್ರ ಸಾಲುತ್ತಿಲ್ಲ. ಚೋಕ್ ಗಾಳಿಯನ್ನು ತಡೆದು ಪೆಟ್ರೋಲನ್ನು ಜಾಸ್ತಿ ಎಳೆಸುತ್ತದೆ, ಅದಕ್ಕೇ ಅಷ್ಟಾದರೂ ಹತ್ತಿತು. ಕಾರ್ಬುರೇಟರ್ ಒಳಗೆ ಮೇನ್ ಜೆಟ್ ಅಂತ ಹಿತ್ತಾಳೆಯ ಒಂದು ಪುಟಾಣಿ ಸ್ಕ್ರೂ ಇದೆ. ಅದರ ನಡುವೆ ಸೂಜಿಮೊನೆಯಷ್ಟು ತೂತು. ಅದು ಕಟ್ಟಿಕೊಂಡಿದೆ. ತೊಳೆದರೆ ಹತ್ತರಲ್ಲಿ ಎಂಟು ಸರಿಹೋಗುತ್ತವೆ. ಹೊಸ ಕಾರ್ಬುರೇಟರ್ ಈಗಲೇ ಬೇಡ.

ಯಾಕೆ ಕಟ್ಟಿಕೊಂಡಿತು ಅಂದರೆ, ಪೆಟ್ರೋಲ್ ಒಳಗಿನ ಹಗುರ ಭಾಗ ನಿಧಾನಕ್ಕೆ ಆವಿಯಾಗಿ ಹೋಗುತ್ತದೆ. ಉಳಿದದ್ದು ಅಂಟಾಗಿ ವಾರ್ನಿಷ್ ತರ ಹಿಡಿದುಕೊಳ್ಳುತ್ತದೆ. ನಿಮ್ಮ ಮೂಗಿಗೆ ಬಡಿದ ಪೇಂಟ್ ವಾಸನೆ ಅದೇ. ಈಗಿನ ಪೆಟ್ರೋಲಿನಲ್ಲಿ ಇನ್ನೊಂದು ವಿಷಯ ಇದೆ. 2023ರ ಫೆಬ್ರವರಿಯಲ್ಲಿ ಇ20 ಪೆಟ್ರೋಲ್ ಬಿಡುಗಡೆ ಮಾಡಿದ್ದು ನಮ್ಮ ಬೆಂಗಳೂರಿನಲ್ಲೇ. ನೂರು ಲೀಟರಿಗೆ 20 ಲೀಟರ್ ಎಥನಾಲ್. ಎಥನಾಲ್ ಗಾಳಿಯ ತೇವ ಹೀರುತ್ತದೆ. ದಿನಾ ಓಡುವ ಸ್ಕೂಟರಿನಲ್ಲಿ ಪೆಟ್ರೋಲ್ ವಾರದಲ್ಲಿ ಖಾಲಿ, ತೇವ ಸೇರಲು ಟೈಮೇ ಸಿಗುವುದಿಲ್ಲ. ಆರು ತಿಂಗಳು ನಿಂತರೆ ಹಾಗಲ್ಲ. ನೀರು ಜಾಸ್ತಿಯಾದಾಗ ಎಥನಾಲೂ ನೀರೂ ಸೇರಿ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಕಾರ್ಬುರೇಟರಿಗೆ ಮೊದಲು ಹೋಗುವುದು ತಳದ್ದೇ ತಾನೇ? ಅಲ್ಲಿ ಲೋಹ ಬಿಳಿ ಪುಡಿ ಬಿಡುತ್ತದೆ, ಹಿತ್ತಾಳೆ ಹಸಿರಾಗುತ್ತದೆ. ಹಳೇ ಎಂಜಿನ್‌ಗಳ ಮ್ಯಾನ್ಯುಯಲ್ ನೋಡಿ, ಹೆಚ್ಚಿನವುಗಳಲ್ಲಿ ಎಥನಾಲ್ 10% ಮೀರಬಾರದು ಎಂದೇ ಬರೆದಿರುತ್ತದೆ.

ನೀವೇ ಮಾಡಬಹುದು. ಬಯಲಲ್ಲಿ ಮಾಡಿ, ಹತ್ತಿರ ದೀಪ, ಬೀಡಿ, ಸಿಗರೇಟು ಯಾವುದೂ ಬೇಡ. ಎಂಜಿನ್ ತಣ್ಣಗಿರಲಿ. ಟ್ಯಾಂಕಿನ ಹಳೇ ಪೆಟ್ರೋಲ್ ಪೂರ್ತಿ ಕ್ಯಾನಿಗೆ ತೆಗೆಯಿರಿ. ಕಾಕ್ ಬಂದ್ ಮಾಡಿ. ಕಾರ್ಬುರೇಟರ್ ತಳದಲ್ಲಿ ಬಟ್ಟಲಿನ ಹಾಗೆ ನೇತಾಡುವುದೇ ಫ್ಲೋಟ್ ಬೌಲ್. ಅದರ ನಡುವಿನ ಬೋಲ್ಟಿಗೆ ಸಾಮಾನ್ಯವಾಗಿ 10 ನಂಬರ್ ಸ್ಪ್ಯಾನರ್ ಸಾಕು. ಬಿಚ್ಚುವ ಮುಂಚೆ ಫೋನಿನಲ್ಲಿ ನಾಲ್ಕು ಕಡೆಯಿಂದ ಫೋಟೋ ತೆಗೆದಿಡಿ. ಬೌಲ್ ಇಳಿದ ಮೇಲೆ ಫ್ಲೋಟಿನ ಪಿನ್ ಜಾರಿಸಿದರೆ ಫ್ಲೋಟು, ಅದರ ಸೂಜಿ ಎರಡೂ ಕೈಗೆ ಬರುತ್ತವೆ. ನಡುವಿನ ಕಂಬದೊಳಗೆ ಜೆಟ್. ಅದರ ಸೀಳಿಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರ್ ಬೇಕು. ಹಿತ್ತಾಳೆ ಮೆತ್ತಗೆ, ಸಣ್ಣದು ಹಾಕಿ ತಿರುಗಿಸಿದರೆ ಸೀಳು ಹಾಳಾಗುತ್ತದೆ.

ತೂತಿಗೆ ಸೂಜಿ, ಪಿನ್ನು ಹಾಕಲೇಬೇಡಿ ಅಕ್ಕ. ಕಬ್ಬಿಣ ಹಿತ್ತಾಳೆಯನ್ನು ಕೊರೆದು ತೂತು ದೊಡ್ಡದು ಮಾಡುತ್ತದೆ, ಆಮೇಲೆ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ. ಮನೆಯ ಕರೆಂಟ್ ವೈರ್ ತುಂಡು ಸುಲಿದರೆ ಒಳಗೆ ಕೂದಲಿನಂಥ ತಾಮ್ರದ ಎಳೆಗಳಿರುತ್ತವೆ. ಅದರಲ್ಲಿ ಒಂದೆಳೆ ಸಾಕು. ಕಾರ್ಬುರೇಟರ್ ಕ್ಲೀನರ್ ಸ್ಪ್ರೇ ಜೆ.ಸಿ. ರಸ್ತೆಯ ಯಾವ ಬಿಡಿಭಾಗದ ಅಂಗಡಿಯಲ್ಲೂ ಸಿಗುತ್ತದೆ. ಕಣ್ಣಿಗೆ ಕನ್ನಡಕ ಇರಲಿ. ಬೌಲಿನ ರಬ್ಬರ್ ವಾಷರನ್ನು ತೆಗೆದು ದೂರ ಇಟ್ಟು ಸ್ಪ್ರೇ ಹೊಡೆಯಿರಿ, ತಾಗಿದರೆ ಊದಿಕೊಂಡು ಮತ್ತೆ ಕೂರುವುದಿಲ್ಲ.

ವಾಲಿಸಿ ಇಟ್ಟಿದ್ದರಿಂದ ಆಯಿಲ್ ಸಿಲಿಂಡರಿಗೋ ಏರ್ ಫಿಲ್ಟರಿಗೋ ನುಗ್ಗಿರಬಹುದು. ಫಿಲ್ಟರ್ ಬಿಚ್ಚಿ ನೋಡಿ. ಸ್ಪಾರ್ಕ್ ಪ್ಲಗ್ ತೆಗೆದು ಎರಡು ಸಲ ಹಗ್ಗ ಎಳೆದರೆ ಒಳಗಿದ್ದ ಆಯಿಲ್ ಹೊರಗೆ ಬರುತ್ತದೆ. ಪ್ಲಗ್ ಗ್ಯಾಪ್ 0.7ರಿಂದ 0.8 ಮಿ.ಮೀ. ಇರಬೇಕು. ಹತ್ತಿರ ಪೆಟ್ರೋಲ್ ಚೆಲ್ಲಿದ್ದರೆ ಸ್ಪಾರ್ಕ್ ಟೆಸ್ಟ್ ಮಾತ್ರ ಮಾಡಬೇಡಿ.

ಮಲ್ಲೇಶ್ವರದವ, ಈಗ ಮಿನಿಯಾಪೊಲಿಸ್

ಇದನ್ನು ಓದಿ ಬರೆಯದೆ ಇರಲು ಆಗಲಿಲ್ಲ. ನಿಮಗೆ ಮಳೆ, ನನಗೆ ಹಿಮ. ಮಷೀನಿನ ಕಷ್ಟ ಒಂದೇ.

ಇಲ್ಲಿ ಮನೆ ಮುಂದೆ ಹಿಮ ತೆಗೆಯಲು ಸ್ನೋ ಬ್ಲೋವರ್ ಅಂತ ಇರುತ್ತದೆ. ಮುಂದೆ ತಿರುಗುವ ಸ್ಕ್ರೂ ಹಿಮವನ್ನು ಒಳಗೆಳೆದುಕೊಳ್ಳುತ್ತದೆ, ಹಿಂದಿನ ಫ್ಯಾನ್ ಅದನ್ನು ಕೊಳವೆಯಿಂದ ದೂರಕ್ಕೆ ಎಸೆಯುತ್ತದೆ. ಎಂಜಿನ್ ಮಾತ್ರ ನಿಮ್ಮದರ ಅಣ್ಣತಮ್ಮ. ಅದೇ ಹಗ್ಗ, ಅದೇ ಚೋಕ್, ಅದೇ ಬೌಲ್. ನಿಮ್ಮದು ನವೆಂಬರ್‌ನಿಂದ ಮೇ ತನಕ ಮಲಗುತ್ತದೆ, ನಮ್ಮದು ಏಪ್ರಿಲ್‌ನಿಂದ ನವೆಂಬರ್ ತನಕ.

ಮೊದಲ ವರ್ಷ ನಾನೂ ಪೆಟ್ರೋಲ್ ಹಾಗೇ ಬಿಟ್ಟಿದ್ದೆ. ನವೆಂಬರ್‌ನಲ್ಲಿ ರಾತ್ರಿಯೆಲ್ಲ ಹಿಮ ಬಿತ್ತು, ಬೆಳಗ್ಗೆ ಕಾರು ಹೊರಗೆ ತೆಗೆಯಬೇಕು, ಮಷೀನ್ ಹತ್ತಲಿಲ್ಲ. ಹೆಂಡತಿ ಆಗ ಏಳು ತಿಂಗಳ ಬಸುರಿ, ಅವತ್ತೇ ಆಸ್ಪತ್ರೆಗೆ ಚೆಕಪ್ಪಿಗೆ ಹೋಗಬೇಕಿತ್ತು. ಸಲಿಕೆ ಹಿಡಿದು ಎರಡು ಗಂಟೆ ಬಗೆದೆ. ಪಕ್ಕದ ಮನೆಯ ತಾತ ತಮ್ಮ ಮಷೀನ್ ತಂದು ಉಳಿದರ್ಧ ತೆಗೆದುಕೊಟ್ಟರು. ಆಮೇಲೆ ಅವರೇ ನನಗೆ ಮಲಗಿಸುವ ಕ್ರಮ ಹೇಳಿಕೊಟ್ಟರು. ಅದನ್ನೇ ಇವತ್ತಿಗೂ ಮಾಡುತ್ತೇನೆ.

ಕೊನೆಯ ಹಿಮ ಕರಗಿದ ಮೇಲೆ ಟ್ಯಾಂಕ್ ಪೂರ್ತಿ ಖಾಲಿ ಮಾಡುತ್ತೇನೆ. ಆಮೇಲೆ ಎಂಜಿನ್ ಸ್ಟಾರ್ಟ್ ಮಾಡಿ ತಾನಾಗೇ ನಿಲ್ಲುವ ತನಕ ಓಡಿಸುತ್ತೇನೆ. ನಿಂತರೂ ಬೌಲಿನ ತಳದಲ್ಲಿ ಒಂದು ಚಮಚದಷ್ಟು ಉಳಿದಿರುತ್ತದೆ. ತಳದ ಡ್ರೈನ್ ಸ್ಕ್ರೂ ಸಡಿಲಿಸಿ ಅದನ್ನೂ ಬಿಡಬೇಕು. ಜೆಟ್ ಕಟ್ಟಿಸುವುದು ಆ ಚಮಚವೇ. ಎಂಜಿನ್ ಬಿಸಿ ಇರುವಾಗಲೇ ಆಯಿಲ್ ಬದಲಾಯಿಸುತ್ತೇನೆ. ತಣ್ಣಗಾದ ಮೇಲೆ ಪ್ಲಗ್ ತೆಗೆದು ಆ ತೂತಿಗೆ ಒಂದು ಚಮಚ ಹೊಸ ಆಯಿಲ್ ಬಿಟ್ಟು, ಹಗ್ಗ ನಿಧಾನಕ್ಕೆ ಎರಡು ಸಲ ಎಳೆದು, ಪ್ಲಗ್ ಮತ್ತೆ ಹಾಕುತ್ತೇನೆ. ಕೊನೆಗೆ ಹಗ್ಗ ಎಳೆಯುವಾಗ ಕೈಗೆ ಬಿಗಿ ಸಿಕ್ಕ ಕಡೆ ಬಿಟ್ಟುಬಿಡುತ್ತೇನೆ. ಅಲ್ಲಿ ಎರಡೂ ವಾಲ್ವ್ ಮುಚ್ಚಿರುತ್ತವೆ, ತೇವ ಒಳಗೆ ಹೋಗುವುದಿಲ್ಲ.

ಪೆಟ್ರೋಲಿಗೆ ಅದು ಬೇಗ ಕೆಡದಂತೆ ತಡೆಯುವ ಸ್ಟೆಬಿಲೈಸರ್ ಬೆರೆಸಿ ಟ್ಯಾಂಕ್ ತುಂಬಿಡುವವರೂ ಇದ್ದಾರೆ. ಹಾಗೆ ಮಾಡಿದರೆ ಬೆರೆಸಿದ ಮೇಲೆ ಹತ್ತು ನಿಮಿಷ ಓಡಿಸಬೇಕು, ಆಗಲೇ ಅದು ಕಾರ್ಬುರೇಟರಿಗೂ ಇಳಿಯುತ್ತದೆ. ಇಲ್ಲಿ ಸಣ್ಣ ಎಂಜಿನ್‌ಗಳಿಗೆ ಎಥನಾಲ್ ಇಲ್ಲದ ಪೆಟ್ರೋಲ್ ಕೆಲವು ಬಂಕಿನಲ್ಲಿ ಸಿಗುತ್ತದೆ, ನಾನು ಅದನ್ನೇ ಹಾಕುತ್ತೇನೆ. ನಿಮಗೆ ಖಾಲಿ ಮಾಡಿ ಇಡುವುದೇ ಸುಲಭ.

ಸ್ನೋ ಬ್ಲೋವರ್ ಕಲಿಸಿದ ಇನ್ನೊಂದು ಪಾಠ ಹೇಳುತ್ತೇನೆ. ಒದ್ದೆ ಹಿಮ ಕೊಳವೆಯಲ್ಲಿ ಕಟ್ಟಿಕೊಂಡರೆ ಕೈ ಹಾಕಬಾರದು. ಎಂಜಿನ್ ಆಫ್ ಮಾಡಿದರೂ ಬೆಲ್ಟಿನ ಬಿಗಿತಕ್ಕೆ ಫ್ಯಾನ್ ಒಂದು ಸಲ ಜೋರಾಗಿ ತಿರುಗಿಬಿಡಬಹುದು. ಬೆರಳು ಕಳೆದುಕೊಂಡವರಿದ್ದಾರೆ. ಮಷೀನ್ ಜೊತೆ ಒಂದು ಪ್ಲಾಸ್ಟಿಕ್ ಕೋಲು ಬರುತ್ತದೆ, ಅದರಲ್ಲೇ ಬಿಡಿಸಬೇಕು. ನೀವೂ ಪೈಪಿನ ತುದಿಯ ಜಾಲರಿಗೆ ಪ್ಲಾಸ್ಟಿಕ್ ಕವರ್ ಸಿಕ್ಕಿಕೊಂಡರೆ ಎಂಜಿನ್ ಆಫ್ ಮಾಡಿ, ಪ್ಲಗ್ಗಿನ ಕ್ಯಾಪ್ ಕಿತ್ತಿಟ್ಟು ಆಮೇಲೆ ಕೈ ಹಾಕಿ.

ಎಚ್‌ಎಸ್‌ಆರ್ ಖಜಾಂಚಿ

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಬೆಳಗ್ಗೆ ಏಳಕ್ಕೇ ಕೂತೆವು. ಗೇಟ್ ಪಕ್ಕದ ಹೊಂಗೆ ಮರದ ಕೆಳಗೆ ಹಳೇ ಪೇಪರ್ ಹಾಸಿ, ಊಟದ ಸ್ಟೀಲ್ ತಟ್ಟೆ ಇಟ್ಟುಕೊಂಡು ಬಿಚ್ಚಿದ್ದು.

ಬೌಲ್ ಕೆಳಗಿಳಿದಾಗ ನೋಡಬೇಕಿತ್ತು. ತಳದಲ್ಲಿ ಜೋನಿ ಬೆಲ್ಲದ ಬಣ್ಣದ ಅಂಟು, ಉಗುರಿನಿಂದ ಕೆರೆದರೆ ಪದರ ಪದರವಾಗಿ ಏಳುತ್ತದೆ. ಅಂಚಿನಲ್ಲಿ ಸುಣ್ಣದಂಥ ಬಿಳಿ ಪುಡಿ. ಜೆಟ್ ಬಿಚ್ಚಿ ಆಕಾಶದ ಕಡೆ ಹಿಡಿದು ನೋಡಿದೆ, ಬೆಳಕೇ ಕಾಣಲಿಲ್ಲ. ತಾಮ್ರದ ಎಳೆ ಮೊದಲು ಬಾಗಿಹೋಯಿತು. ಸ್ಪ್ರೇ ಹೊಡೆದು ಹತ್ತು ನಿಮಿಷ ನೆನೆಸಿಟ್ಟು ಮತ್ತೆ ಹಾಕಿದಾಗ ಕರಕ್ ಅಂತ ಏನೋ ಬಿಟ್ಟುಕೊಂಡಿತು. ಈ ಸಲ ಹಿಡಿದು ನೋಡಿದರೆ ನಡುವೆ ದುಂಡಗೆ ಒಂದು ಚುಕ್ಕಿ ಬೆಳಕು. ವಾಚ್‌ಮನ್ ಮಗಳು ಒಂಬತ್ತನೇ ಕ್ಲಾಸು, ನನ್ನ ಪಕ್ಕದಲ್ಲೇ ಕೂತಿದ್ದಳು. ಅವಳ ಕೈಗೆ ಕೊಟ್ಟೆ. ಅವಳೂ ಒಂದು ಕಣ್ಣು ಮುಚ್ಚಿ ನೋಡಿ, ಆಂಟಿ, ನಕ್ಷತ್ರದ ತರ ಇದೆ ಎಂದಳು.

ಏರ್ ಫಿಲ್ಟರ್ ಸ್ಪಂಜಿಗೆ ಆಯಿಲ್ ಹಿಡಿದಿತ್ತು, ಸೋಪು ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ ಹಾಕಿದೆ. ಟಾರ್ಪಾಲ್ ಒಳಗೆ ಇಲಿ ಸೇರಿಕೊಂಡಿತ್ತು, ಸ್ವಿಚ್ಚಿನ ವೈರ್ ಮೇಲೆ ಹಲ್ಲಿನ ಗುರುತು ಇದೆ. ಅಲ್ಲಿಗೆ ಟೇಪ್ ಸುತ್ತಿದ್ದೇನೆ. ಹೊಸ ಪೆಟ್ರೋಲ್ ಹಾಕಿ ಎಳೆದರೆ ಮೂರನೇ ಸಲಕ್ಕೇ ಹತ್ತಿತು! ಮೊದಲು ಬಿಳಿ ಹೊಗೆ, ಆಮೇಲೆ ಸರಿಹೋಯಿತು. ಮೇಲಿನ ಮನೆಯವರೆಲ್ಲ ಬಾಲ್ಕನಿಗೆ ಬಂದು ಚಪ್ಪಾಳೆ ಹೊಡೆದರು.

ಆದರೆ ಇನ್ನೊಂದು ತೊಂದರೆ. ಎಂಜಿನ್ ಓಡುತ್ತದೆ, ನೀರು ಎಳೆಯುತ್ತಿಲ್ಲ. ಸಂಪಿಗೆ ಪೈಪ್ ಬಿಟ್ಟು ಎರಡು ನಿಮಿಷ ನೋಡಿ ಆಫ್ ಮಾಡಿದೆ.

ಯಲಹಂಕ ವರ್ಕ್‌ಶಾಪ್

ಆಫ್ ಮಾಡಿದ್ದು ಬಹಳ ಒಳ್ಳೆಯದಾಯಿತು ಅಕ್ಕ. ಪಂಪಿನ ಹೊಟ್ಟೆಗೆ ನೀರು ತುಂಬಿದಿರಾ? ಮೇಲೆ ಒಂದು ಮುಚ್ಚಳ ಇದೆ, ಅದರಿಂದ ಬಕೆಟ್ ನೀರು ಹುಯ್ದು ತುಂಬಿಸಿಯೇ ಸ್ಟಾರ್ಟ್ ಮಾಡಬೇಕು. ನೀರಿಲ್ಲದೆ ಓಡಿಸಿದರೆ ಒಳಗಿನ ಸೀಲ್ ಸುಟ್ಟುಹೋಗುತ್ತದೆ. ಆಮೇಲೆ ಎಂಜಿನ್ ಮತ್ತು ಪಂಪ್ ಸೇರುವ ಕಡೆ ನೀರು ಒಸರುತ್ತದೆ.

ತುಂಬಿಸಿದ ಮೇಲೂ ಎಳೆಯದಿದ್ದರೆ ಸಕ್ಷನ್ ಪೈಪಿನಲ್ಲಿ, ಅಂದರೆ ನೀರು ಎಳೆಯುವ ಪೈಪಿನಲ್ಲಿ, ಗಾಳಿ ಸೇರುತ್ತಿದೆ. ಕ್ಲ್ಯಾಂಪ್ ಬಿಗಿ ಮಾಡಿ, ಕಪ್ಲಿಂಗಿನ ವಾಷರ್ ಒಣಗಿ ಸೀಳಿದೆಯಾ ನೋಡಿ. ಸಕ್ಷನ್ನಿಗೆ ಸುರುಳಿ ಇರುವ ಗಟ್ಟಿ ಪೈಪೇ ಬೇಕು, ಚಪ್ಪಟೆ ಪೈಪ್ ಒಳಕ್ಕೆ ಅಂಟಿಕೊಳ್ಳುತ್ತದೆ. ಚಪ್ಪಟೆಯದು ನೀರು ಹೊರಗೆ ಬಿಡಲು ಮಾತ್ರ. ತುದಿಗೆ ಜಾಲರಿ ಇರಲೇಬೇಕು. ಮತ್ತೆ, ಬೆಂಗಳೂರು ಸಮುದ್ರದಿಂದ 900 ಮೀಟರ್ ಎತ್ತರದಲ್ಲಿದೆ, ಗಾಳಿಯ ಒತ್ತಡ ಕಮ್ಮಿ, ಪಂಪ್ ಎಳೆಯುವುದೂ ಕಮ್ಮಿ. ಮಷೀನ್ ಮೇಲೆ 8 ಮೀಟರ್ ಎಳೆಯುತ್ತದೆ ಅಂತ ಬರೆದಿದ್ದರೆ ಇಲ್ಲಿ 7 ಅಂದುಕೊಳ್ಳಿ.

ಇಷ್ಟು ಹೊತ್ತು ನಾನು ಕೇಳಲು ಮರೆತ ಮುಖ್ಯ ವಿಷಯ. ಓಡಿಸುವಾಗ ಮಷೀನ್ ಎಲ್ಲಿಡುತ್ತೀರಿ? ಬೇಸ್‌ಮೆಂಟ್ ಒಳಗೆ ಮಾತ್ರ ಬೇಡ. ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಿದ ಜಾಗದಲ್ಲಿ ಕೆಲವೇ ನಿಮಿಷದಲ್ಲಿ ತಲೆಸುತ್ತಿ ಬೀಳುತ್ತಾರೆ, ಎಬ್ಬಿಸಲು ಹೋದವರೂ ಬೀಳುತ್ತಾರೆ. ಗಾಳಿ ಆಡುತ್ತದೆ, ಸ್ವಲ್ಪ ಹೊತ್ತು ತಾನೇ ಅಂತ ಯಾರು ಹೇಳಿದರೂ ಒಪ್ಪಬೇಡಿ.

ಮಲ್ಲೇಶ್ವರದವ, ಈಗ ಮಿನಿಯಾಪೊಲಿಸ್

ಇದಕ್ಕೆ ನನ್ನದೂ ಸೇರಿಸಿ. ಇಲ್ಲಿ ಚಳಿ ಅಂತ ಗ್ಯಾರೇಜ್ ಒಳಗೇ ಸ್ನೋ ಬ್ಲೋವರ್ ಸ್ಟಾರ್ಟ್ ಮಾಡಿ ಬಿಸಿ ಮಾಡುವವರಿದ್ದಾರೆ. ಬಾಗಿಲು ತೆರೆದಿದ್ದರೂ ಹೊಗೆ ಮನೆಯೊಳಗೆ ಸೇರುತ್ತದೆ. ನಾನು ತಳ್ಳಿಕೊಂಡು ಹೊರಗೆ ಬಂದೇ ಹಗ್ಗ ಎಳೆಯುವುದು, ಮೈನಸ್ 25 ಇದ್ದರೂ.

ಎಚ್‌ಎಸ್‌ಆರ್ ಖಜಾಂಚಿ

ನೀರು ತುಂಬಿಸಿರಲಿಲ್ಲ ಅಣ್ಣ. ಒಂದೂವರೆ ಬಕೆಟ್ ಹಿಡಿಯಿತು. ಕಪ್ಲಿಂಗಿನ ವಾಷರ್ ಕೂಡ ಬಿಸಿಲಿಗೆ ಒಣಗಿ ಎರಡಾಗಿತ್ತು. ಹಾರ್ಡ್‌ವೇರ್ ಅಂಗಡಿಗೆ ಹಳೆಯದನ್ನೇ ತೆಗೆದುಕೊಂಡು ಹೋಗಿ ಅದೇ ಅಳತೆಯ ಮೂರು ತಂದೆ, ಎರಡು ಸ್ಟಾಕ್. ಈಗ ಚಪ್ಪಟೆ ಪೈಪ್ ಉಬ್ಬಿಕೊಂಡು ಚರಂಡಿ ಕಡೆ ಭರ್ ಅಂತ ನೀರು ಹೋಗುತ್ತದೆ. ಒಸರು ಎಲ್ಲೂ ಇಲ್ಲ, ಸೀಲ್ ಉಳಿದಿದೆ.

ಮಷೀನ್ ಇನ್ನು ರ‍್ಯಾಂಪಿನ ಮೇಲ್ತುದಿಯಲ್ಲೇ, ಗೇಟಿನ ಹೊರಗೆ. ಸಕ್ಷನ್ ಪೈಪ್ ಮಾತ್ರ ಕೆಳಗೆ ಹೋಗುತ್ತದೆ. ಬೇಸ್‌ಮೆಂಟ್ ನಾಲ್ಕು ಮೀಟರ್ ಕೂಡ ಆಳ ಇಲ್ಲ, ಸಾಕಾಗುತ್ತದೆ. ಮಷೀನ್ ಮೇಲೆ ಪೇಂಟಿನಲ್ಲಿ ದೊಡ್ಡದಾಗಿ ಬರೆಸಿದ್ದೇನೆ: ಬೇಸ್‌ಮೆಂಟ್ ಒಳಗೆ ಓಡಿಸಬಾರದು. ಮೊದಲು ನೀರು ತುಂಬಿಸಿ.

ಮಳೆಗಾಲ ಮುಗಿಯುವ ತನಕ ಪ್ರತಿ ತಿಂಗಳ ಮೊದಲ ಭಾನುವಾರ ಸಂಪಿಗೆ ಪೈಪ್ ಬಿಟ್ಟು ಹತ್ತು ನಿಮಿಷ ಓಡಿಸಿ, ಕಾಕ್ ಬಂದ್ ಮಾಡಿ ತಾನಾಗೇ ನಿಲ್ಲಲು ಬಿಡುವುದು ಅಂತ ತೀರ್ಮಾನ ಮಾಡಿದ್ದೇವೆ. ನವೆಂಬರ್‌ನಲ್ಲಿ ಮಿನಿಯಾಪೊಲಿಸ್ ತಾತನ ಕ್ರಮ. ಪಂಪಿನ ಹೊಟ್ಟೆಯ ನೀರನ್ನೂ ತಳದ ಪ್ಲಗ್ ತೆಗೆದು ಬಿಡಬೇಕು, ಅಲ್ವಾ? ಮತ್ತೆ ಈ ಹಳೇ ಪೆಟ್ರೋಲ್ ಮೂರು ಲೀಟರ್ ಕ್ಯಾನಿನಲ್ಲಿದೆ. ಚರಂಡಿಗೆ ಚೆಲ್ಲಲು ಮನಸ್ಸು ಒಪ್ಪುತ್ತಿಲ್ಲ.

ಯಲಹಂಕ ವರ್ಕ್‌ಶಾಪ್

ಹೌದು, ನೀರು ಬಿಡಿ. ಅದಕ್ಕೂ ಮುಂಚೆ ಒಂದೆರಡು ಬಕೆಟ್ ಒಳ್ಳೆಯ ನೀರು ಓಡಿಸಿ, ಮಣ್ಣು ಒಳಗೆ ಕೂತು ಗಟ್ಟಿಯಾಗಬಾರದು.

ಪೆಟ್ರೋಲ್ ಚರಂಡಿಗೆ ಖಂಡಿತ ಬೇಡ, ಸ್ಕೂಟರಿಗೂ ಹಾಕಬೇಡಿ. ಕ್ಯಾನಿನ ಮುಚ್ಚಳ ಬಿಗಿ ಮಾಡಿ ನೆರಳಲ್ಲಿ, ಬೇಸ್‌ಮೆಂಟಿನ ಹೊರಗೆ ಇಡಿ. ನನ್ನ ಹುಡುಗ ಶನಿವಾರ ಬೊಮ್ಮನಹಳ್ಳಿ ಕಡೆ ಡೆಲಿವರಿಗೆ ಬರುತ್ತಾನೆ, ತೆಗೆದುಕೊಂಡು ಬರುತ್ತಾನೆ. ಇಲ್ಲಿ ಗ್ರೀಸ್ ಹಿಡಿದ ಪಾರ್ಟ್ಸ್ ತೊಳೆಯಲು ಆಗುತ್ತದೆ. ಬರುವಾಗ ಬೌಲಿನ ರಬ್ಬರ್ ವಾಷರ್ ಒಂದು ಹೊಸದು ಕಳಿಸಿರುತ್ತೇನೆ, ಮುಂದಿನ ಸಲ ಬಿಚ್ಚಿದಾಗ ಬೇಕಾಗುತ್ತದೆ.